ಸ್ವರ ಏಳು, ಷಡ್ಜ ಎಲ್ಲಿ?

(ಉಪನ್ಯಾಸದ ಬರಹ ರೂಪ)

ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಕೇಳುಗರಿಗೆ ಒಂದು ಅನುಕೂಲವೂ ಒಂದು ತೊಡಕೂ ಒಟ್ಟಿಗೇ ಬಂದಿವೆ. ಹೆಗಡೆಕಟ್ಟಾದಂಥ ಊರಿನವರು ಮಳೆಗಾಲದಲ್ಲಿ ತಾಳಮದ್ದಳೆ ಕೇಳುತ್ತಾರೆ, ಅಡಿಕೆ ಕೊಯ್ಲು ಮುಗಿದ ಮೇಲೆ ಆಟ ನೋಡುತ್ತಾರೆ. ಅಲ್ಲಿ ಭಾಗವತರ ಬಾಯಲ್ಲಿ ಮೋಹನ, ಮಧ್ಯಮಾವತಿ, ಕಲ್ಯಾಣಿ, ತೋಡಿ ಎಂಬ ಹೆಸರುಗಳು ಬರುತ್ತವೆ. ಅದೇ ಜನ ಹಿಂದೂಸ್ತಾನಿ ಬೈಠಕ್ಕಿಗೂ ಹೋಗುತ್ತಾರೆ. ಧಾರವಾಡದ ಸಂಗೀತ ಘಟ್ಟದ ಈ ಭಾಗಕ್ಕೆ ದೂರದ್ದೇನೂ ಅಲ್ಲ. ಯಲ್ಲಾಪುರ ತಾಲ್ಲೂಕಿನ ಹಾಸಣಗಿಯ ಗಣಪತಿ ಭಟ್ಟರು ಬಸವರಾಜ ರಾಜಗುರು ಅವರ ಬಳಿ ಕಲಿತು ನಾಡಿನ ದೊಡ್ಡ ಗಾಯಕರಲ್ಲಿ ಒಬ್ಬರಾದರು. ಹೀಗೆ ಒಂದೇ ಕಿವಿಗೆ ಎರಡು ಪದ್ಧತಿ, ಜೊತೆಗೆ ಯಕ್ಷಗಾನವೆಂಬ ಮೂರನೆಯದೊಂದು ದಾರಿ. ಇದು ಅನುಕೂಲ.

ತೊಡಕು ಹೆಸರುಗಳದ್ದು. ಕರ್ನಾಟಕ ಸಂಗೀತದವರು ತೋಡಿ ಎನ್ನುವ ಸ್ವರಸಾಲನ್ನು ಹಿಂದೂಸ್ತಾನಿಯವರು ಭೈರವಿ ಎನ್ನುತ್ತಾರೆ. ಹಿಂದೂಸ್ತಾನಿಯವರ ತೋಡಿ ದಕ್ಷಿಣದಲ್ಲಿ ಶುಭಪಂತುವರಾಳಿಯ ಸಾಲು. ಅಲ್ಲಿಯ ಮಾಲಕೌಂಸ್ ಇಲ್ಲಿ ಹಿಂದೋಳ. ಅಲ್ಲಿಯೂ ಹಿಂಡೋಲ ಎಂಬ ರಾಗ ಇದೆ, ಆದರೆ ಅದು ಬೇರೆಯೇ. ಶ್ರೀ ರಾಗ ಎರಡೂ ಕಡೆ ಇದೆ, ಎರಡರಲ್ಲೂ ಬೇರೆ ಬೇರೆ ಸ್ವರ. ಹೀಗಿರುವಾಗ ಭಾಗವತರೊಬ್ಬರು ಒಂದು ಪದ್ಯಕ್ಕೆ ಒಂದು ರಾಗದ ಹೆಸರು ಹೇಳಿ ಹಾಡಿದರೆ, ಸಭೆಯಲ್ಲಿ ಕುಳಿತ ಸಂಗೀತ ಬಲ್ಲವರು 'ಇದು ಆ ರಾಗವೇ ಅಲ್ಲ' ಎಂದು ತಲೆಯಾಡಿಸುವುದುಂಟು. ಆ ತೀರ್ಪು ಎಷ್ಟು ಸರಿ ಎಂದು ತಿಳಿಯಬೇಕಾದರೆ ಏಳು ಸ್ವರಗಳ ಸಾಲು ಹೇಗೆ ಹುಟ್ಟುತ್ತದೆ, ಹೇಗೆ ಬದಲಾಗುತ್ತದೆ ಎಂಬುದನ್ನು ಮೊದಲಿನಿಂದ ನೋಡಬೇಕು.

ಇದಕ್ಕೆ ಹಾರ್ಮೋನಿಯಂ ಪೆಟ್ಟಿಗೆಯೊಂದು ಸಾಕು. ಅದರಲ್ಲಿ ಒಂದು ಸಪ್ತಕಕ್ಕೆ ಏಳು ಬಿಳಿ ಪಟ್ಟಿ, ಐದು ಕಪ್ಪು ಪಟ್ಟಿ. ನಮ್ಮ ಹಾಡುಗಾರರು ತಮ್ಮ ಶ್ರುತಿಯನ್ನು 'ಕಪ್ಪು ಎರಡು', 'ಬಿಳಿ ನಾಲ್ಕು' ಎಂದು ಹೇಳುವುದು ಈ ಪಟ್ಟಿಗಳ ಲೆಕ್ಕದಿಂದಲೇ. ಈಗ ಕಪ್ಪು ಪಟ್ಟಿಗಳನ್ನು ಮುಟ್ಟದೆ ಬಿಳಿ ಒಂದರಿಂದ ಹೊರಟು ಬಿಳಿ ಪಟ್ಟಿಗಳಲ್ಲೇ ಮೇಲಿನ ಷಡ್ಜದವರೆಗೆ ಹೋಗಿ. ಕೇಳುವುದು ಶಂಕರಾಭರಣದ ಸಾಲು, ಹಿಂದೂಸ್ತಾನಿಯಲ್ಲಿ ಬಿಲಾವಲ್.

ಮುಂದಿನ ಹೆಜ್ಜೆಯೇ ಸ್ವಾರಸ್ಯದ್ದು. ಪಟ್ಟಿಗಳು ಅವೇ ಇರಲಿ. ಬಿಳಿ ಎರಡನ್ನು ಷಡ್ಜವೆಂದು ಹಿಡಿದು, ಅದರದ್ದೇ ಶ್ರುತಿಯನ್ನು ಎಡೆಬಿಡದೆ ಕೇಳುವಂತೆ ಇಟ್ಟುಕೊಂಡು, ಬಿಳಿ ಪಟ್ಟಿಗಳ ಮೇಲೆಯೇ ನಡೆಯಿರಿ. ಈಗ ಬರುವುದು ಖರಹರಪ್ರಿಯ, ಅಂದರೆ ಕಾಫಿ ಥಾಟ್. ಬಿಳಿ ಮೂರರಿಂದ ಹೊರಟರೆ ಹನುಮತೋಡಿ, ಹಿಂದೂಸ್ತಾನಿಯ ಭೈರವಿ. ನಾಲ್ಕರಿಂದ ಕಲ್ಯಾಣಿ. ಐದರಿಂದ ಹರಿಕಾಂಭೋಜಿ ಅಥವಾ ಖಮಾಜ್. ಆರರಿಂದ ನಠಭೈರವಿ ಅಥವಾ ಆಸಾವರಿ. ಏಳರಿಂದ ಹೊರಟರೆ ಶುದ್ಧ ಪಂಚಮ ಸಿಗುವುದಿಲ್ಲ. ಆದ್ದರಿಂದ ಆ ಸಾಲಿಗೆ ಮೇಳಗಳ ಪಟ್ಟಿಯಲ್ಲಿ ಜಾಗವಿಲ್ಲ. ಏಳು ಪಟ್ಟಿಗಳಿಂದ ಆರು ಮೇಳ! ಭಾತಖಂಡೆಯವರು ಹಿಂದೂಸ್ತಾನಿ ರಾಗಗಳನ್ನೆಲ್ಲ ಹಂಚಿದ 10 ಥಾಟ್‌ಗಳಲ್ಲಿ 6 ಹೀಗೆ ಬಿಳಿ ಪಟ್ಟಿಗಳಲ್ಲೇ ಸಿಗುತ್ತವೆ. ಉಳಿಯುವುದು ಭೈರವ, ಪೂರ್ವಿ, ಮಾರ್ವಾ, ತೋಡಿ ಎಂಬ ನಾಲ್ಕು ಮಾತ್ರ.

ಇದನ್ನು ಕರ್ನಾಟಕ ಸಂಗೀತದಲ್ಲಿ ಗ್ರಹಭೇದ ಎನ್ನುತ್ತಾರೆ. ಹಳೆಯ ಹೆಸರು ಮೂರ್ಛನೆ. ಇದನ್ನು ಶ್ರುತಿ ಬದಲಿಸುವುದರೊಂದಿಗೆ ಬೆರೆಸಬಾರದು. ಭಾಗವತರು ಕಪ್ಪು ಎರಡರಿಂದ ಕಪ್ಪು ಮೂರಕ್ಕೆ ಏರಿದರೆ ಸ್ವರಸಾಲು ಇಡಿಯಾಗಿ ಮೇಲೆ ಸರಿಯುತ್ತದೆ, ರಾಗ ಅದೇ ಇರುತ್ತದೆ. ಮೂರ್ಛನೆಯಲ್ಲಿ ಸಾಲು ಕದಲುವುದಿಲ್ಲ, ಷಡ್ಜ ಸರಿಯುತ್ತದೆ. ಮನೆಯನ್ನೇ ಎತ್ತಿ ದಿಬ್ಬದ ಮೇಲಿಟ್ಟರೆ ಒಳಗಿನ ಕೋಣೆಗಳ ಕ್ರಮ ಕೆಡುವುದಿಲ್ಲ. ಮನೆ ಇದ್ದಲ್ಲೇ ಇದ್ದು ಹೆಬ್ಬಾಗಿಲನ್ನು ಇನ್ನೊಂದು ಮಗ್ಗುಲಿಗೆ ಇಟ್ಟರೆ ಜಗುಲಿ ಯಾವುದು, ಹಿತ್ತಿಲು ಯಾವುದು ಎಂಬುದೇ ಬದಲಾಗುತ್ತದೆ.

ಆಟದಲ್ಲಿ ಬಹಳ ಕೇಳುವ ಮೋಹನ, ಮಧ್ಯಮಾವತಿಗಳ ಸಂಬಂಧವೂ ಇಂಥದ್ದೇ. ಮೋಹನಕ್ಕೆ ಐದೇ ಸ್ವರ. ಅದರ ರಿಷಭವನ್ನು ಷಡ್ಜ ಮಾಡಿದರೆ ಮಧ್ಯಮಾವತಿ; ಗಾಂಧಾರವನ್ನು ಮಾಡಿದರೆ ಹಿಂದೋಳ; ಪಂಚಮವನ್ನು ಮಾಡಿದರೆ ಶುದ್ಧ ಸಾವೇರಿ, ಹಿಂದೂಸ್ತಾನಿಯ ದುರ್ಗಾ. ಸಂಗೀತ ಕಲಿಯುವ ಮಕ್ಕಳು ದಕ್ಷಿಣದಲ್ಲಿ ಮೊದಲು ಹಾಡುವ ಮಾಯಾಮಾಳವಗೌಳವನ್ನೇ ತೆಗೆದುಕೊಳ್ಳಿ. ಅದು 15ನೆಯ ಮೇಳ. ಅದರ ಮಧ್ಯಮವನ್ನು ಷಡ್ಜವಾಗಿಸಿದರೆ 57ನೆಯ ಮೇಳ ಸಿಂಹೇಂದ್ರಮಧ್ಯಮ, ರಿಷಭವನ್ನು ಷಡ್ಜವಾಗಿಸಿದರೆ ಕಟ್ಟಕಡೆಯ 72ನೆಯ ಮೇಳ ರಸಿಕಪ್ರಿಯ!

ಇದು ಪೆಟ್ಟಿಗೆ ಬಂದಮೇಲೆ ಹೊಳೆದ ಚಮತ್ಕಾರವಲ್ಲ. ಭರತನ ನಾಟ್ಯಶಾಸ್ತ್ರದಲ್ಲಿಯೇ ಇದರ ಲೆಕ್ಕ ಇದೆ. ಭರತ ಸಪ್ತಕವನ್ನು 22 ಶ್ರುತಿಗಳಾಗಿ ಎಣಿಸಿ ಷಡ್ಜಗ್ರಾಮ, ಮಧ್ಯಮಗ್ರಾಮ ಎಂಬ ಎರಡು ಮೂಲ ಸಾಲುಗಳನ್ನು ಹೇಳಿದ. ಎರಡಕ್ಕೂ ಇರುವ ಭೇದ ಪಂಚಮದ ಒಂದೇ ಒಂದು ಶ್ರುತಿಯದ್ದು. ಪ್ರತಿ ಗ್ರಾಮದಲ್ಲಿ ಏಳು ಸ್ವರಗಳಲ್ಲಿ ಒಂದೊಂದರಿಂದ ಹೊರಟರೆ ಏಳು ಮೂರ್ಛನೆ, ಒಟ್ಟು 14. ಆ ಕಾಲದ ವೀಣೆ ಇಂದಿನ ವೀಣೆಯಂತಿರಲಿಲ್ಲ. ಅದು ಬಿಲ್ಲಿನ ಆಕಾರದ್ದು, ಸ್ವರಕ್ಕೊಂದರಂತೆ ತಂತಿ. ಸಮುದ್ರಗುಪ್ತನ ಚಿನ್ನದ ನಾಣ್ಯದಲ್ಲಿ ರಾಜನ ತೊಡೆಯ ಮೇಲೆ ಇರುವುದು ಇಂಥ ವಾದ್ಯವೇ. ಒಮ್ಮೆ ಶ್ರುತಿ ಮಾಡಿದ ತಂತಿಗಳಲ್ಲಿ ಯಾವುದರಿಂದ ಬೇಕಾದರೂ ಹೊರಡಬಹುದಾಗಿತ್ತು. ಹಾಗಾಗಿ ಮೂರ್ಛನೆ ಆಗ ದಿನಬಳಕೆಯ ಮಾತಾಗಿತ್ತು.

ಗ್ರೀಕರಲ್ಲೂ ಇಂಥದ್ದೇ ವಿಚಾರ ಇತ್ತು. ಡೋರಿಯನ್, ಫ್ರಿಜಿಯನ್, ಲಿಡಿಯನ್ ಎಂದು ಅವರು ಸ್ವರಕ್ರಮಗಳಿಗೆ ಜನಾಂಗಗಳ, ಸೀಮೆಗಳ ಹೆಸರಿಟ್ಟಿದ್ದರು. ಕೆಲವು ಕ್ರಮಗಳು ಮನಸ್ಸನ್ನು ಸಡಿಲಗೊಳಿಸುತ್ತವೆಂದು ಪ್ಲೇಟೋ ತನ್ನ ಆದರ್ಶ ರಾಜ್ಯದಿಂದ ಅವನ್ನು ಹೊರಗಿಟ್ಟ. ಮುಂದೆ ಯುರೋಪಿನ ಚರ್ಚಿನ ಸಂಗೀತಗಾರರು ಅವೇ ಹೆಸರುಗಳನ್ನು ಎತ್ತಿಕೊಂಡರು, ಆದರೆ ಬೇರೆ ಸಾಲುಗಳಿಗೆ ಅಂಟಿಸಿದರು. ಹೆಸರು ಒಂದೆಡೆ, ಸ್ವರ ಇನ್ನೊಂದೆಡೆ ಆಗುವ ಗೊಂದಲ ನಮ್ಮಲ್ಲಿ ಮಾತ್ರ ಇರುವುದಲ್ಲ.

ನಮ್ಮಲ್ಲಿ ಮೂರ್ಛನೆ ಹಿಂದೆ ಸರಿದದ್ದು ಆಧಾರ ಶ್ರುತಿ ಮುಂದೆ ಬಂದಾಗ. ತಂತಿಗೊಂದು ಸ್ವರವಿದ್ದ ವಾದ್ಯ ಹೋಗಿ ಮೆಟ್ಟಿಲುಗಳಿರುವ ವೀಣೆ ಬಂತು. ಬೆನ್ನಹಿಂದೆ ತಂಬೂರಿ ಒಂದೇ ಷಡ್ಜವನ್ನು ಮಿಡಿಯತೊಡಗಿತು. ಷಡ್ಜ ಒಂದೇ ಕಡೆ ನೆಲೆಯೂರಿದ ಮೇಲೆ ಅದನ್ನು ಸರಿಸುವಂತಿಲ್ಲ. ರಿಷಭ, ಗಾಂಧಾರ, ಮಧ್ಯಮ, ಧೈವತ, ನಿಷಾದಗಳನ್ನೇ ಏರಿಸಿ ಇಳಿಸಬೇಕು. ಕೋಮಲ, ತೀವ್ರ ಎಂಬ ಎಣಿಕೆಗೆ ಬೆಲೆ ಬಂದದ್ದು ಹೀಗೆ. ಮೂರ್ಛನೆಯ ಜಾಗಕ್ಕೆ ಮೇಳ ಬಂತು.

ಈ ಬದಲಾವಣೆಯ ಬಹುಪಾಲು ಕೆಲಸ ಕನ್ನಡ ನೆಲದಲ್ಲಿ, ಕನ್ನಡಿಗರ ಕೈಯಲ್ಲಿ ನಡೆಯಿತೆಂಬುದನ್ನು ನೆನೆಯಬೇಕು. ಶಾರ್ಙ್ಗದೇವನ ಸಂಗೀತರತ್ನಾಕರಕ್ಕೆ ಕಲ್ಲಿನಾಥ 15ನೆಯ ಶತಮಾನದಲ್ಲಿ ವ್ಯಾಖ್ಯಾನ ಬರೆದದ್ದು ವಿಜಯನಗರದಲ್ಲಿ. ಅಳಿಯ ರಾಮರಾಯನ ಆಶ್ರಯದಲ್ಲಿ ರಾಮಾಮಾತ್ಯ ಸ್ವರಮೇಳಕಲಾನಿಧಿ ಬರೆದದ್ದು 1550ರಲ್ಲಿ; ವೀಣೆಯ ಮೆಟ್ಟಿಲುಗಳ ಮೇಲೆ ಸ್ವರಸ್ಥಾನಗಳನ್ನು ಗುರುತಿಸಿ ಆತ ರಾಗಗಳನ್ನು ಮೇಳಗಳಲ್ಲಿ ಹಂಚಿದ. ಇದಕ್ಕೆ ಮೂರೇ ವರ್ಷ ಮೊದಲು, 1547ರಲ್ಲಿ, ಯುರೋಪಿನಲ್ಲಿ ಗ್ಲಾರಿಯಾನಸ್ ಎಂಬ ವಿದ್ವಾಂಸ ಅಲ್ಲಿಯ ಕ್ರಮಗಳನ್ನು ಹನ್ನೆರಡಕ್ಕೆ ಏರಿಸಿ ಗ್ರಂಥ ಬರೆದಿದ್ದ. ಒಬ್ಬರಿಗೊಬ್ಬರ ಸುದ್ದಿಯೇ ಇಲ್ಲದೆ ಇಬ್ಬರೂ ಒಂದೇ ಬಗೆಯ ಕೆಲಸಕ್ಕೆ ಕೂತಿದ್ದರು! ಶಿವಗಂಗೆಯ ಬಳಿಯ ಸಾತನೂರಿನ ಪುಂಡರೀಕ ವಿಠಲ ಅದೇ ಶತಮಾನದಲ್ಲಿ ಉತ್ತರಕ್ಕೆ ಹೋಗಿ, ಖಾನದೇಶದ ಬುರ್ಹಾನ್ ಖಾನನ ಆಶ್ರಯದಲ್ಲಿ ಸದ್ರಾಗಚಂದ್ರೋದಯ ಬರೆದು ಎರಡೂ ಕಡೆಯ ಸಂಗೀತವನ್ನು ಬಲ್ಲವನೆನಿಸಿದ.

ತಂಜಾವೂರಿನ ವೆಂಕಟಮಖಿಯ ತಂದೆ ಗೋವಿಂದ ದೀಕ್ಷಿತರದು ಕನ್ನಡ ಮೂಲದ ಮನೆತನ. ವೆಂಕಟಮಖಿ 17ನೆಯ ಶತಮಾನದಲ್ಲಿ ಚತುರ್ದಂಡಿಪ್ರಕಾಶಿಕೆಯಲ್ಲಿ ಲೆಕ್ಕವನ್ನು ಕೊನೆ ಮುಟ್ಟಿಸಿದ. ರಿಷಭ-ಗಾಂಧಾರಗಳ ಜೋಡಿ 6 ಬಗೆ, ಧೈವತ-ನಿಷಾದಗಳ ಜೋಡಿ 6 ಬಗೆ, ಮಧ್ಯಮ 2 ಬಗೆ. ಆರಾರಲೆ 36, ಎರಡರಿಂದ ಗುಣಿಸಿದರೆ 72. ಗಮನಿಸಬೇಕಾದ್ದು ಏನೆಂದರೆ, 72ರ ಲೆಕ್ಕ ಹಾಕಿದ ವೆಂಕಟಮಖಿಯೇ ತನ್ನ ಕಾಲದಲ್ಲಿ ಬಳಕೆಯಲ್ಲಿದ್ದದ್ದು 19 ಮೇಳ ಎಂದು ಹೇಳಿದ. ಉಳಿದವು ಮುಂದಿನವರಿಗೆಂದು ಕಟ್ಟಿಟ್ಟ ಖಾಲಿ ಮನೆಗಳು. ಭಾತಖಂಡೆಯವರು 1904ರಲ್ಲಿ ದಕ್ಷಿಣದ ಪ್ರವಾಸ ಮಾಡಿ ಈ ಕ್ರಮವನ್ನು ಅರಿತು ಹೋದರು. ಅವರು 72ನ್ನು ಹೊತ್ತುಕೊಂಡು ಹೋಗಲಿಲ್ಲ, ತಮ್ಮ ರಾಗಗಳಿಗೆ ಸಾಕಾಗುವ 10ನ್ನು ಆರಿಸಿಕೊಂಡರು.

ಇಷ್ಟು ತಿಳಿದ ಮೇಲೆ ಒಂದು ಎಚ್ಚರಿಕೆ. ಮೇಳ ಎಂದರೆ ರಾಗವಲ್ಲ. ಭೂಪ್ ಮತ್ತು ದೇಶಕಾರ್ ಎರಡಕ್ಕೂ ಅವೇ ಐದು ಸ್ವರ. ಆದರೂ ಭೂಪ್ ಗಾಂಧಾರಕ್ಕೆ ಮರಳುತ್ತದೆ, ದೇಶಕಾರ್ ಧೈವತವನ್ನು ಹಿಡಿದು ನಿಲ್ಲುತ್ತದೆ. ಆ ಕಾರಣಕ್ಕೇ ಭಾತಖಂಡೆಯವರು ಒಂದನ್ನು ಕಲ್ಯಾಣ ಥಾಟಿನಲ್ಲೂ ಇನ್ನೊಂದನ್ನು ಬಿಲಾವಲ್ ಥಾಟಿನಲ್ಲೂ ಇಟ್ಟರು. ಯಾವ ಸ್ವರದಲ್ಲಿ ನಿಲ್ಲಬೇಕು, ಯಾವುದನ್ನು ತುಯ್ಯಬೇಕು, ಯಾವುದನ್ನು ಮುಟ್ಟಿಯೂ ಮುಟ್ಟದಂತೆ ದಾಟಬೇಕು ಎಂಬುದು ಯಾವ ಪಟ್ಟಿಯಲ್ಲೂ ಇಲ್ಲ.

ಇನ್ನೊಂದು ಎಚ್ಚರಿಕೆ ಪೆಟ್ಟಿಗೆಯದ್ದೇ. ಹಾರ್ಮೋನಿಯಂ ಸಪ್ತಕವನ್ನು ಹನ್ನೆರಡು ಸಮ ಪಾಲು ಮಾಡುತ್ತದೆ. ತಂಬೂರಿಯ ತಂತಿಯಲ್ಲಿ ತಾನಾಗಿ ಕೇಳುವ ಅಂತರ ಗಾಂಧಾರಕ್ಕಿಂತ ಪೆಟ್ಟಿಗೆಯ ಗಾಂಧಾರ ಒಂದು ಪಾಲಿನ ಸುಮಾರು ಏಳನೆಯ ಒಂದರಷ್ಟು ಮೇಲಿರುತ್ತದೆ. 1940ರಲ್ಲಿ ರೇಡಿಯೋ ಹಾರ್ಮೋನಿಯಂ ಅನ್ನು ದೂರವಿಟ್ಟು, ದಶಕಗಳ ಕಾಲ ಆ ನಿರ್ಬಂಧ ಉಳಿದದ್ದರ ಹಿಂದೆ ಈ ಬಗೆಯ ದೂರುಗಳಿದ್ದವು. ಮೂರ್ಛನೆಯನ್ನು ತೋರಿಸಿಕೊಡುವುದಕ್ಕೆ ಪೆಟ್ಟಿಗೆಯಷ್ಟು ಸುಲಭದ ಮೇಷ್ಟ್ರು ಇಲ್ಲ. ರಾಗವನ್ನು ಅಳೆಯುವುದಕ್ಕೆ ಮಾತ್ರ ಅದು ಒರಟು ಕೋಲು.

ಈಗ ಭಾಗವತರ ವಿಚಾರಕ್ಕೆ ಬರೋಣ. ಪ್ರಸಂಗದ ಪುಸ್ತಕ ತೆರೆದರೆ ಪ್ರತಿ ಪದ್ಯದ ತಲೆಯ ಮೇಲೆ ರಾಗ, ತಾಳ ಅಚ್ಚಾಗಿರುತ್ತದೆ. ಅಲ್ಲಿ ಕಛೇರಿಯವರಿಗೂ ಪರಿಚಿತವಾದ ಹೆಸರುಗಳಿವೆ. ಕೋರೆ, ಮೆಚ್ಚಾಳಿ, ಗೋಪನೀತೆಯಂಥ, ಕಛೇರಿಯಲ್ಲಿ ಕೇಳಿಬರದ ಹೆಸರುಗಳೂ ಇವೆ. ಶಿವರಾಮ ಕಾರಂತರು 'ಯಕ್ಷಗಾನ ಬಯಲಾಟ'ದಂಥ ಗ್ರಂಥ ಬರೆದು ಈ ಕಲೆಯನ್ನು ಅಧ್ಯಯನದ ವಿಷಯವಾಗಿಸಿದರು, ಅದರ ರಾಗಗಳ ಬಗ್ಗೆ ವರ್ಷಗಟ್ಟಲೆ ತಲೆಕೆಡಿಸಿಕೊಂಡರು. ಭಾಗವತರು ಈ ಹಾಡುಗಾರಿಕೆಯನ್ನು ಮೇಳಕರ್ತ ಪಟ್ಟಿಯಿಂದ ಕಲಿಯಲಿಲ್ಲ, ಗುರುವಿನ ಪಕ್ಕದಲ್ಲಿ ರಾತ್ರಿಗಟ್ಟಲೆ ಕುಳಿತು ಕಲಿತರು. ಚಂಡೆಯ ಎದುರು ಕೇಳುವಷ್ಟು ಏರು ಶ್ರುತಿಯಲ್ಲಿ, ಪದ್ಯದ ಮಾತು ಸಭೆಯ ಕೊನೆಗೂ ಮುಟ್ಟುವಂತೆ, ವೇಷಧಾರಿಯ ಹೆಜ್ಜೆಗೆ ಹೊಂದುವಂತೆ ಹಾಡುವಾಗ ರಾಗ ಬೇರೆ ಮೈ ತಾಳುತ್ತದೆ. ಅದನ್ನು ಕಛೇರಿಯ ಹೆಸರಿಗೆ ಹೋಲಿಸಿ ತಪ್ಪೆನ್ನುವ ಮೊದಲು, ಆ ಹೆಸರೇ ಎಷ್ಟು ಸಲ ಜಾಗ ಬದಲಿಸಿದೆ ಎಂಬುದನ್ನು ನೋಡಬೇಕು. ರಾಮಾಮಾತ್ಯನ ಶುದ್ಧ ಸ್ವರಗಳ ಮುಖಾರಿಯನ್ನು ಇಂದಿನ ಕಛೇರಿಯ ಮುಖಾರಿಯ ಪಕ್ಕದಲ್ಲಿಟ್ಟರೆ ಗುರುತು ಸಿಗುವುದಿಲ್ಲ. 'ಶುದ್ಧ' ಎಂಬ ಮಾತೂ ಹಾಗೆಯೇ: ದಕ್ಷಿಣದ ಶುದ್ಧ ಸ್ವರಗಳು ಕನಕಾಂಗಿಯವು, ಇಂದಿನ ಹಿಂದೂಸ್ತಾನಿಯ ಶುದ್ಧ ಸ್ವರಗಳು ಬಿಲಾವಲಿನವು, ಭರತನ ಷಡ್ಜಗ್ರಾಮವೋ ಕಾಫಿಗೆ ಹತ್ತಿರದ್ದು. ಶಾಸ್ತ್ರಕಾರರ ಮನೆಯಲ್ಲೇ ಹೆಸರುಗಳು ಇಷ್ಟು ಓಡಾಡಿರುವಾಗ ಭಾಗವತರೊಬ್ಬರನ್ನೇ ಕಟಕಟೆಯಲ್ಲಿ ನಿಲ್ಲಿಸುವುದು ನ್ಯಾಯವಲ್ಲ.

ಕಳೆದ ಕೆಲವು ದಶಕಗಳಲ್ಲಿ ಭಾಗವತರು ಕಛೇರಿಯ ರಾಗಗಳನ್ನು ಧಾರಾಳವಾಗಿ ತಂದುಕೊಂಡಿದ್ದಾರೆ. ಪುಂಗಿಯ ಶ್ರುತಿ ಹೋಗಿ ಹಾರ್ಮೋನಿಯಂ ಬಂತು, ಅದರ ಜಾಗಕ್ಕೆ ಶ್ರುತಿಪೆಟ್ಟಿಗೆ ಬಂತು. ಹೊಸದು ಬರುವುದು ಆಕ್ಷೇಪಕ್ಕೆ ಕಾರಣವಲ್ಲ, ಪುಂಡರೀಕ ವಿಠಲನೂ ತಂದವನೇ. ಆದರೆ ಹಳೆಯ ಹೆಸರಿನ ಮೇಲೆ ಹೊಸ ಸ್ವರಸಾಲು ಕೂತರೆ, ಹಳೆಯ ಧಾಟಿ ಸದ್ದಿಲ್ಲದೆ ಹೋಗಿಬಿಡುತ್ತದೆ. ಹೆಸರು ಉಳಿದಿರುವುದರಿಂದ ಹೋದದ್ದು ಯಾರಿಗೂ ತಿಳಿಯುವುದಿಲ್ಲ. ಇಡಗುಂಜಿ ಮೇಳದಲ್ಲಿ ಕೆರೆಮನೆ ಶಂಭು ಹೆಗಡೆಯವರ ಪಾತ್ರಗಳಿಗೆ ದೀರ್ಘಕಾಲ ಹಾಡಿದ ಶಿರಸಿ ಸೀಮೆಯ ನೆಬ್ಬೂರು ನಾರಾಯಣ ಭಾಗವತರು 2019ರಲ್ಲಿ ತೀರಿಕೊಂಡರು. ಅಂಥವರ ಹಾಡುಗಾರಿಕೆ ಧ್ವನಿಮುದ್ರಣಗಳಲ್ಲಿ ಉಳಿದಿರುವುದು ಈ ಸೀಮೆಯ ಭಾಗ್ಯ. ಕೇಳಬೇಕಾದ ಕ್ರಮ ಇಷ್ಟೇ: ಮೊದಲು ರಾಗದ ಹೆಸರನ್ನು ಮರೆತು ಷಡ್ಜ ಎಲ್ಲಿದೆ ಎಂದು ಹುಡುಕುವುದು. ಆಮೇಲೆ ಭಾಗವತರು ಯಾವ ಸ್ವರದಲ್ಲಿ ನಿಂತರು, ಯಾವುದನ್ನು ಬಿಟ್ಟರು, ಎಲ್ಲಿ ಪದ್ಯವನ್ನು ಎತ್ತಿದರು ಎಂದು ಬರೆದುಕೊಳ್ಳುವುದು. ಹೆಸರಿನ ವಿಚಾರ ಕೊನೆಗೆ. ತಾಳಮದ್ದಳೆ ನಡೆಯುವ ಮನೆಯ ಯಾವುದೇ ಹುಡುಗ ಹುಡುಗಿ ಒಂದು ಪೆಟ್ಟಿಗೆ ಮತ್ತು ಒಂದು ನೋಟುಪುಸ್ತಕ ಇಟ್ಟುಕೊಂಡು ಮಾಡಬಹುದಾದ ಕೆಲಸ ಇದು. ಮಾಡದಿದ್ದರೆ ಕೋರೆ, ಮೆಚ್ಚಾಳಿಗಳು ಪ್ರಸಂಗ ಪುಸ್ತಕದಲ್ಲಿ ಪದ್ಯದ ತಲೆಯ ಮೇಲೆ ಅಚ್ಚಾಗಿ ಇದ್ದೇ ಇರುತ್ತವೆ, ಹಾಡಿ ತೋರಿಸುವವರು ಮಾತ್ರ ಇರುವುದಿಲ್ಲ.