ಯುದ್ಧಕಾಲದ ಬೆಂಗಳೂರೂ ಅರ್ಕಾವತಿಯ ನೀರೂ
(ಉಪನ್ಯಾಸದ ಪಾಠ)



ನೀರಿನ ವಿಚಾರವು ಇಂಜಿನಿಯರರಿಗೆ ಸೇರಿದ್ದು, ತಮಗೇತಕ್ಕೆಂದು ಪಟ್ಟಣಿಗರು ಸುಮ್ಮನಿರುವುದು ವಾಡಿಕೆ. ನಾವು ಹಾಗೆ ತಿಳಿಯುವುದಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬೆಂಗಳೂರಿಗೆ ಒದಗಿದ ನೀರಿನ ಅಭಾವಕ್ಕೆ ಮಳೆಯೊಂದೇ ಕಾರಣವಲ್ಲ. ಆಡಳಿತದ ರೀತಿಯೂ ಕಾರಣವೆಂಬುದೇ ನಮ್ಮ ಅರಿಕೆ.

1941ರ ಖಾನೇಷುಮಾರಿಯಲ್ಲಿ ಆ ಊರಿನ ಜನಸಂಖ್ಯೆ ನಾಲ್ಕು ಲಕ್ಷಕ್ಕೆ ತುಸು ಮೇಲಿದ್ದಿತು. 1951ರಲ್ಲಿ ಅದು ಎಂಟು ಲಕ್ಷದ ಸಮೀಪಕ್ಕೆ ಬಂದಿತು. 1940ರಲ್ಲಿ ಹಿಂದೂಸ್ಥಾನ್ ವಿಮಾನ ಕಾರ್ಖಾನೆ ಸ್ಥಾಪಿತವಾಯಿತು. 1943ರಲ್ಲಿ ಅದು ಅಮೆರಿಕದ ಸೇನೆಯ ವಿಮಾನಗಳನ್ನು ದುರಸ್ತಿ ಮಾಡುವ ಸ್ಥಾನವಾಯಿತು. ಪಡೆಗಳೂ ಆಸ್ಪತ್ರೆಗಳೂ ಇಟಲಿಯ ಯುದ್ಧಕೈದಿಗಳ ಶಿಬಿರಗಳೂ ಬಂದವು. ಅವುಗಳ ಹಿಂದೆಯೇ ಕೂಲಿಕಾರರೂ ವ್ಯಾಪಾರಿಗಳೂ ಬಂದರು.

ಇವರೆಲ್ಲರಿಗೂ ಇದ್ದ ಆಧಾರವು ಅರ್ಕಾವತಿಯೊಂದೇ. ದಿವಾನ್ ಶೇಷಾದ್ರಿ ಅಯ್ಯರರ ಕಾಲದಲ್ಲಿ, 1894ರಲ್ಲಿ, ಹೆಸರಘಟ್ಟದ ಕೆರೆಯಿಂದ ಕೊಳಾಯಿ ನೀರಿನ ಏರ್ಪಾಡಾಯಿತು. ಅದು ಸಾಲದೆ 1933ರಲ್ಲಿ ತಿಪ್ಪಗೊಂಡನಹಳ್ಳಿಯ ಬಳಿ, ಕುಮುದ್ವತಿಯು ಕೂಡುವಲ್ಲಿ, ಚಾಮರಾಜಸಾಗರವನ್ನು ಕಟ್ಟಿದರು. ಎರಡೂ ಒಂದೇ ಸಣ್ಣ ನದಿಯ ಮೇಲೆ! ನಂದಿಬೆಟ್ಟದ ಕಡೆ ಮಳೆ ತಪ್ಪಿದರೆ ಎರಡಕ್ಕೂ ಗಂಡಾಂತರ. ಅಷ್ಟೇ ಅಲ್ಲ: ಚಾಮರಾಜಸಾಗರವು ಊರಿಗಿಂತ ಬಹಳ ತಗ್ಗಿನಲ್ಲಿದೆ. ನೀರು ತಾನಾಗಿ ಹರಿದು ಬಾರದು. ವಿದ್ಯುಚ್ಛಕ್ತಿಯಿಂದ ಎತ್ತಿ ತರಬೇಕು. ಆದುದರಿಂದ ಕಟ್ಟೆ ತುಂಬಿದ ಮಾತ್ರಕ್ಕೆ ಬೀದಿಯ ನಲ್ಲಿಯಲ್ಲಿ ನೀರು ಬಾರದು. ಪಂಪು, ದೊಡ್ಡ ಕೊಳವೆ, ಸೋಸುವ ತೊಟ್ಟಿ, ಊರೊಳಗಿನ ಸಣ್ಣ ಕೊಳವೆ, ಇವೆಲ್ಲವೂ ಒಟ್ಟಿಗೆ ಹಿರಿದಾಗಬೇಕು. ಒಂದು ಕಿರಿದಾಗಿದ್ದರೂ ಮಿಕ್ಕವು ವ್ಯರ್ಥ. ಯುದ್ಧಕಾಲದಲ್ಲಿಯಾದರೋ ಕಬ್ಬಿಣವೂ ಯಂತ್ರಗಳೂ ಮೊದಲು ಸೇನೆಯ ಪಾಲು.

ಇದರ ಮೇಲೆ ಊರೇ ಎರಡಾಗಿದ್ದಿತು. ಪೇಟೆ ಮೈಸೂರು ಸಂಸ್ಥಾನದ್ದು. ದಂಡು 1881ರಿಂದ ಬ್ರಿಟಿಷ್ ರೆಸಿಡೆಂಟರ ಅಧೀನ. ನದಿ ಒಂದು, ಪುರಸಭೆಗಳು ಎರಡು. ದಂಡು ಸಂಸ್ಥಾನಕ್ಕೆ ಮರಳಿದ್ದು 1947ರಲ್ಲಿ. ಎರಡು ಪುರಸಭೆಗಳು ಒಂದು ಕಾರ್ಪೊರೇಷನ್ ಆದುದು 1949ರಲ್ಲಿ. ಅಂದರೆ ಒಂದೇ ಯೋಜನೆ ಅತ್ಯಗತ್ಯವಾಗಿದ್ದ ವರ್ಷಗಳಲ್ಲಿಯೇ ಒಂದೇ ಯಜಮಾನಿಕೆ ಇರಲಿಲ್ಲ.

ಏಕೀಕರಣವು ಬರಿಯ ಭಾಷಾಭಿಮಾನದ ಮಾತೆಂದು ನಗುವವರು ಇದನ್ನು ಗಮನಿಸಲಿ. ತುಂಗಭದ್ರೆಯ ಅಣೆಕಟ್ಟಿಗೆ 1945ರಲ್ಲಿ ಒಂದು ದಡದಲ್ಲಿ ಮದರಾಸು ಪ್ರಾಂತ್ಯವೂ ಇನ್ನೊಂದು ದಡದಲ್ಲಿ ಹೈದರಾಬಾದು ಸಂಸ್ಥಾನವೂ ಬೇರೆ ಬೇರೆಯಾಗಿ ಶಂಕುಸ್ಥಾಪನೆ ಮಾಡಿದವು. ಎರಡು ದಡಗಳಲ್ಲಿಯೂ ಕನ್ನಡಿಗರೇ ನೀರಿಗೆ ಕಾದಿದ್ದರು.

ಬೆಂಗಳೂರಿನವರ ತಪ್ಪನ್ನೂ ನಾವು ಮುಚ್ಚಿಡಲಾರೆವು. ಕೊಳಾಯಿ ಬಂದಮೇಲೆ ಹಿರಿಯರ ಕೆರೆಗಳು ಅವರಿಗೆ ಬೇಡವಾದವು. ಧರ್ಮಾಂಬುಧಿಯ ಅಂಗಳ ಬಸ್ಸು ನಿಲ್ದಾಣವಾಯಿತು. ಸಂಪಂಗಿ ಕೆರೆಯಲ್ಲಿ ಆಟದ ಬಯಲೆದ್ದಿತು. ಕೊನೆಗೆ ಕಾವೇರಿಯನ್ನೇ ಸುಮಾರು ನೂರು ಕಿಲೋಮೀಟರು ದೂರದಿಂದ ಎತ್ತಿ ತರಬೇಕಾಯಿತು. ಆ ನೀರು ಊರನ್ನು ಮುಟ್ಟಿದ್ದು 1974ರಲ್ಲಿ, ಯುದ್ಧ ಮುಗಿದ 29 ವರ್ಷಗಳ ಮೇಲೆ.