ಬಂಪರ್‌ಗೆ ಕಟ್ಟಿದ ಕೂದಲ ಹಗ್ಗ

ಚಿಕ್ಕಬಳ್ಳಾಪುರದಲ್ಲಿ ಹೈದರಾಬಾದ್ ಹೈವೇ ಪಕ್ಕ ಒಂದೈದು ನಿಮಿಷ ನಿಂತು ನೋಡಿ. ದೃಷ್ಟಿ ತಾಗದಿರಲಿ ಅಂತ ಬಂಪರ್‌ಗೆ ಕಪ್ಪು ಕೂದಲ ಹಗ್ಗ ಸುತ್ತಿಕೊಂಡ ಗಾಡಿ ಒಂದಾದರೂ ಹೋಗುತ್ತೆ. ನಾವು ಅದನ್ನ ನೋಡಿಯೂ ನೋಡಿರಲ್ಲ.

ಶೀಲಾ ಗೌಡ ನೋಡಿದರು. ಹುಟ್ಟಿದ್ದು 1957ರಲ್ಲಿ ಭದ್ರಾವತಿಯಲ್ಲಿ, ಇರೋದು ಬೆಂಗಳೂರಲ್ಲಿ. ಸುಮಾರು ನಾಲ್ಕು ಕಿಲೋಮೀಟರ್ ಕೂದಲ ಹಗ್ಗ, 20 ಬಂಪರ್. ಇಷ್ಟರಲ್ಲೇ 2009ರಲ್ಲಿ 'ಬಿಹೋಲ್ಡ್' ಅನ್ನೋ ಕೃತಿ ಮಾಡಿದರು. ವೆನಿಸ್ ಬಿನಾಲೆಗೆ ಹೋಯ್ತು, ಈಗ ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. ನಾನು ಎಂಜಿನಿಯರಿಂಗ್ ಓದಿದವನು, ಫೋಟೋ ನೋಡಿದಾಗ ಮೊದಲು ಹೊಳೆದದ್ದು ಲೋಡ್ ಲೆಕ್ಕ. ಯಾಕಂದ್ರೆ ಅಲ್ಲಿ ಬಂಪರ್‌ಗೆ ಕೂದಲು ಕಟ್ಟಿಲ್ಲ, ಕೂದಲೇ ಬಂಪರನ್ನ ಹೊತ್ತು ನೇತಾಡಿಸಿದೆ. ಒಂದೆಳೆ ಎಳೆದ್ರೆ ಕಿತ್ತು ಬರುತ್ತೆ. ಹೊಸೆದ್ರೆ ಉಕ್ಕನ್ನೇ ಎತ್ತುತ್ತೆ!

2019ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಇಟಲಿಯ ಮಿಲಾನ್‌ನಲ್ಲಿ ಅವರ ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಕೆಲಸವನ್ನ ಒಟ್ಟಿಗೆ ಇಟ್ಟು ಒಂದು ಪ್ರದರ್ಶನ ನಡೀತು. ಹೆಸರು 'ರಿಮೇನ್ಸ್', ಅಂದ್ರೆ ಉಳಿದದ್ದು. ಜಾಗ ಪಿರೆಲ್ಲಿ ಹ್ಯಾಂಗರ್ ಬಿಕೋಕಾ, ಹಿಂದೆ ರೈಲು ಎಂಜಿನ್ ತಯಾರಾಗುತ್ತಿದ್ದ ಕಾರ್ಖಾನೆ. ಮರುವರ್ಷ ಜರ್ಮನಿಯ ಮ್ಯೂನಿಕ್‌ನಲ್ಲಿ ಇನ್ನೊಂದು ದೊಡ್ಡ ಪ್ರದರ್ಶನ. ಆ ಏಪ್ರಿಲ್-ಸೆಪ್ಟೆಂಬರ್ ನಡುವೆ ನಾವು ಟಿವಿಯವರು ಎಲ್ಲಿದ್ವಿ? ರೆಸಾರ್ಟ್ ಗೇಟ್ ಮುಂದೆ. ನಾನೂ ಇದ್ದೆ, ಮೈಕ್ ಹಿಡ್ಕೊಂಡು.

ಶೀಲಾ ಮೊದಲು ಚಿತ್ರ ಬರೀತಿದ್ದವರು. 1992ರ ಗಲಭೆಗಳ ನಂತರ ಬಣ್ಣ, ಕ್ಯಾನ್ವಾಸ್ ಸಾಲದು ಅನ್ನಿಸಿ ಸಗಣಿ ಕೈಗೆತ್ತಿಕೊಂಡರು. ಆಮೇಲೆ ಸೂಜಿಗೆ ಪೋಣಿಸಿ ಕುಂಕುಮ ಮೆತ್ತಿದ ನೂಲು, ಅಗರಬತ್ತಿಯ ಬೂದಿ. ರಸ್ತೆ ಕೂಲಿಯವರು ಟಾರ್ ಡ್ರಮ್ ತಟ್ಟಿ ಚಪ್ಪಟೆ ಮಾಡಿ ಗುಡಿಸಲು ಕಟ್ಟಿಕೊಳ್ತಾರಲ್ಲ, ಅದೇ ಡ್ರಮ್‌ಗಳಿಂದ 'ಡಾರ್ಕ್‌ರೂಮ್' ಅನ್ನೋ ಕೋಣೆ. ಬಗ್ಗಿ ಒಳಗೆ ಹೋದ್ರೆ ಕತ್ತಲು. ತಲೆ ಎತ್ತಿದ್ರೆ ತಗಡಿನ ಸಣ್ಣ ತೂತುಗಳಲ್ಲಿ ಬೆಳಕು, ನಕ್ಷತ್ರದ ಹಾಗೆ. ಗೌರಿಬಿದನೂರು ರಸ್ತೆ ಕೆಲಸದ ಹತ್ತಿರ ಅಂಥ ಗುಡಿಸಲು ನಾನೂ ನೋಡಿದ್ದೆ. ಒಳಗೆ ಬಗ್ಗಿ ನೋಡಿರಲಿಲ್ಲ, ಅಷ್ಟೇ.

'ಇದೂ ಒಂದು ಕಲೆಯಾ ಸಾರ್' ಅಂತ ಕೇಳ್ತೀರಿ, ಗೊತ್ತು. ಆ ಪ್ರಶ್ನೆ ನನಗೂ ಇತ್ತು, ಪೂರ್ತಿ ಹೋಗಿಲ್ಲ. ಆದ್ರೆ ಕೇಳೋ ಮುಂಚೆ ನೋಡಬೇಕಲ್ಲ? ಚಿಂತಾಮಣಿ ಹುಡುಗನೊಬ್ಬನಿಗೆ ಮಿಲಾನ್ ಎಲ್ಲಿ, ಮ್ಯೂನಿಕ್ ಎಲ್ಲಿ. ನಾನು ಓದುವಾಗ ನಮ್ಮ ಕಡೆ ಒಂದು ಚಿತ್ರ ಪ್ರದರ್ಶನಕ್ಕೂ ಹೋದ ನೆನಪಿಲ್ಲ. ಇದೇ ಚಿಂತಾಮಣಿ ದಾರೀಲಿ ತಿರುಪತಿಗೆ ಹೋಗಿ ಮುಡಿ ಕೊಟ್ಟು ಬರ್ತೀವಿ. ಕೂದಲು ನಮ್ಮದು, ನೋಡೋ ಭಾಗ್ಯ ಬೇರೆಯವರದು.

ಶಿಡ್ಲಘಟ್ಟದಲ್ಲಿ ನಮ್ಮ ದೊಡ್ಡಮ್ಮ ಇದ್ದಾರೆ. ವರ್ಷಗಟ್ಟಲೆ ರೇಷ್ಮೆ ನೂಲು ಬಿಚ್ಚಿದವರು. ಬಿಸಿನೀರಲ್ಲಿ ಗೂಡು ತಡಕಿ ತಡಕಿ ಬೆರಳ ತುದಿ ಬೆಳ್ಳಗಾಗಿದೆ. ಮೊಬೈಲ್‌ನಲ್ಲಿ ಆ ಹಗ್ಗದ ಫೋಟೋ ತೋರಿಸಿದೆ. ನಗ್ತಾರೆ ಅಂದ್ಕೊಂಡಿದ್ದೆ, ನಗಲಿಲ್ಲ. ಎರಡು ಬೆರಳಲ್ಲಿ ದೊಡ್ಡದು ಮಾಡಿ ತುಂಬಾ ಹೊತ್ತು ನೋಡಿದರು.

'ಹೊಸೆತ ಚೆನ್ನಾಗಿದೆ ಕಣೋ. ಹೊಸೆದೋರಿಗೆ ಕೂಲಿ ಎಷ್ಟು ಕೊಟ್ರಂತೆ?'

ನನ್ನ ಹತ್ರ ಉತ್ತರ ಇರಲಿಲ್ಲ. ದಿನಾ ರಾತ್ರಿ ಎಲ್ಲರಿಗೂ ಪ್ರಶ್ನೆ ಹಾಕೋನು ನಾನು, ಈ ಪ್ರಶ್ನೆ ನನಗೇ ಹೊಳೆದಿರಲಿಲ್ಲ.