ಹಲಸಿನ ಹಲಗೆ, ನಾಲ್ಕು ತಂತಿ



ಬೇಂದ್ರೆಯವರ ‘ನಾಕುತಂತಿ’ಯನ್ನು ನಾನು ಅನೇಕ ವರ್ಷ ತರಗತಿಯಲ್ಲಿ ಪಾಠ ಹೇಳಿದ್ದೇನೆ. ತಂತಿಯ ವಿಚಾರವಾಗಿ ಗಂಟೆಗಟ್ಟಲೆ ಮಾತನಾಡಿದ ಈ ಮೇಷ್ಟರು ಒಂದು ತಂತಿಯನ್ನಾದರೂ ಬಿರಡೆಗೆ ಸುತ್ತಿ ಬಿಗಿದವರಲ್ಲ. ನಿವೃತ್ತನಾದ ಮೇಲೆ, ಅರವತ್ತೈದು ದಾಟಿದ ವಯಸ್ಸಿನಲ್ಲಿ, ಆ ಕೆಲಸ ನನ್ನ ಕೈಗೆ ಬಂತು. ಅದಕ್ಕೆ ಕಾರಣ ನನ್ನ ಮೊಮ್ಮಗಳು. ಬೆಂಗಳೂರಿನಿಂದ ರಜೆಗೆ ಬಂದವಳು, “ತಾತ, ನನಗೊಂದು ಯುಕುಲೇಲೆ ಬೇಕು” ಎಂದಳು. ಅದು ತಿನ್ನುವ ಪದಾರ್ಥವೋ ತೊಡುವ ಒಡವೆಯೋ ನನಗೆ ತಿಳಿಯದು. ಗಿಟಾರಿನ ಮರಿಯಂತಿರುವ ನಾಲ್ಕು ತಂತಿಯ ವಾದ್ಯವೆಂದು ಅವಳೇ ವಿವರಿಸಿದಳು. “ಕೊಳ್ಳುವುದೇಕೆ, ಮಾಡಿಯೇ ಕೊಡುತ್ತೇನೆ” ಎಂದುಬಿಟ್ಟೆ. ಅಜ್ಞಾನಕ್ಕೆ ಇರುವಷ್ಟು ಧೈರ್ಯ ಬೇರೆ ಯಾವುದಕ್ಕಿದೆ!

ಮೇಷ್ಟರ ಅಭ್ಯಾಸದಂತೆ ಮೊದಲು ಪುಸ್ತಕ ಹುಡುಕಿದೆ. ವಾದ್ಯದ ಚರಿತ್ರೆ ಸೊಗಸಾಗಿದೆ. 1879ರ ಆಗಸ್ಟ್‌ನಲ್ಲಿ ಪೋರ್ಚುಗಲ್ಲಿಗೆ ಸೇರಿದ ಮದೀರ ದ್ವೀಪದಿಂದ ವಲಸೆಗಾರರನ್ನು ಹೊತ್ತ ಹಡಗೊಂದು ಹವಾಯಿ ದ್ವೀಪಗಳನ್ನು ತಲುಪಿತು. ಬಂದವರು ಕಬ್ಬಿನ ತೋಟಗಳ ಕೂಲಿಗೆಂದು ಬಂದವರು. ಅವರೊಳಗೆ ನೂನೆಸ್, ಡಿಯಾಸ್, ಎಸ್ಪಿರಿಟೊ ಸ್ಯಾಂಟೊ ಎಂಬ ಮೂವರು ಬಡಗಿಗಳಿದ್ದರು. ತಮ್ಮ ನಾಡಿನ ಪುಟ್ಟ ತಂತಿವಾದ್ಯ ‘ಮಚೇಟೆ’ಯ ಅಚ್ಚನ್ನು ಅವರು ಮನಸ್ಸಿನಲ್ಲಿ ತಂದಿದ್ದರು, ಮರವನ್ನು ಮಾತ್ರ ಹೊಸ ನೆಲದ ಕೋವಾ ವೃಕ್ಷದಿಂದ ಪಡೆದರು. ಹೀಗೆ ಹುಟ್ಟಿದ ವಾದ್ಯಕ್ಕೆ ಹವಾಯಿಯ ಜನ ಇಟ್ಟ ಹೆಸರಿನ ಅರ್ಥ ‘ಜಿಗಿಯುವ ಚಿಗಟ’ ಎಂದು ಹೇಳುತ್ತಾರೆ. ತಂತಿಗಳ ಮೇಲೆ ಬೆರಳು ಹಾರಾಡುವ ಪರಿಯನ್ನು ಕಂಡವರಿಗೆ ಈ ಹೆಸರು ಸರಿಯೆನಿಸೀತು.

ನೆಲ ಬಿಟ್ಟು ಬಂದ ಜನ ಸಿಕ್ಕ ಮರದಲ್ಲೇ ತಮ್ಮ ನಾದವನ್ನು ಕಂಡುಕೊಂಡರೆಂಬ ಸಂಗತಿ ನನ್ನನ್ನು ತಟ್ಟಿತು. ಏಕೆಂದರೆ ನಾವೂ ನೆಲ ಬಿಟ್ಟು ಬಂದವರೇ. 1979ರಲ್ಲಿ ಗೊರೂರಿನ ಹೇಮಾವತಿ ಅಣೆಕಟ್ಟು ಮುಗಿದಾಗ ನಮ್ಮ ಊರು ನೀರಿನ ಪಾಲಾಯಿತು. ಮಳೆಗಾಲದಲ್ಲಿ ಅರೆಮುಳುಗಿ ಬೇಸಿಗೆಯಲ್ಲಿ ಮತ್ತೆ ಕಾಣಿಸುವ ಶೆಟ್ಟಿಹಳ್ಳಿಯ ಇಗರ್ಜಿಯನ್ನು ನೀವು ನೋಡಿರಬಹುದು. ನಮ್ಮ ಮನೆ ಹಾಗೆ ಮತ್ತೆ ಕಾಣಿಸಿಕೊಳ್ಳಲಿಲ್ಲ. ನೀರು ಬರುವ ಮುನ್ನವೇ ನಮ್ಮ ತಂದೆ ಅದನ್ನು ತಮ್ಮ ಕೈಯಾರೆ ಬಿಚ್ಚಿದರು. ಪ್ರತಿಯೊಂದು ಹಲಗೆಯನ್ನೂ ಎತ್ತಿ ಹಿಡಿದು, ಬೆರಳಿನ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು ಕೇಳಿ, ಕೆಲವನ್ನು ಗಾಡಿಗೆ ಹಾಕಿದರು, ಕೆಲವನ್ನು ಬಿಟ್ಟರು. ನಾನಾಗ ಹಾಸನದಲ್ಲಿ ಬಿ.ಎ. ಓದುತ್ತಿದ್ದ ಪಂಡಿತ. “ಈ ಹಳೇ ಮರಕ್ಕೆ ಗಾಡಿ ಬಾಡಿಗೆ ಬೇರೆ ದಂಡ” ಎಂದು ನಕ್ಕಿದ್ದೆ. ಅವರು ಉತ್ತರ ಕೊಡಲಿಲ್ಲ. ಆಲೂರಿಗೂ ಸಕಲೇಶಪುರಕ್ಕೂ ನಡುವಿನ ಗುಡ್ಡದ ಮೇಲೆ ಕಟ್ಟಿದ ಹೊಸ ಮನೆಯ ಅಟ್ಟವನ್ನು ಆ ಹಲಗೆಗಳು ಸೇರಿದವು. ಅವುಗಳಲ್ಲಿ ಹಳೆಯ ಹೆಬ್ಬಾಗಿಲಿನ ಎರಡು ಹಲಸಿನ ಕದಗಳೂ ಇದ್ದವು.

ಹಲಸು ವೀಣೆಯ ಮರ. ಯುಕುಲೇಲೆಗೇಕಾಗದು? ಆದರೆ ಕದವನ್ನು ಕೊಯ್ಯಲು ಮನಸ್ಸು ಬರಬೇಕಲ್ಲ. ಒಂದು ವಾರ ಅಟ್ಟ ಹತ್ತಿ ಇಳಿದೆ. ಕೊನೆಗೆ ನಮ್ಮೂರಿನ ಹಿರಿಯ ಆಚಾರ್ರನ್ನು ಕರೆತಂದೆ. ಅವರು ಕದವನ್ನು ಸವರಿ, “ಮೇಷ್ಟ್ರೇ, ಅಟ್ಟದಲ್ಲಿ ಇದ್ರೆ ಹುಳಕ್ಕೆ, ಕೊಯ್ದ್ರೆ ಮಗೀಗೆ. ನೀವೇ ಹೇಳಿ” ಎಂದರು. ಕೊಯ್ಯಿಸಿದೆ.

ಒಂದು ಕದದಿಂದ ಎರಡು ತೆಳುಹಲಗೆಗಳು ದೊರೆತವು. ವಾದ್ಯದ ಮುಖದ ಹಲಗೆ ಎರಡು ಮಿಲಿಮೀಟರಿನಷ್ಟೇ ದಪ್ಪವಿರಬೇಕು. ದಪ್ಪವಾದರೆ ನಾದವಿಲ್ಲ, ತೀರ ತೆಳುವಾದರೆ ತಂತಿಯ ಬಿಗಿತಕ್ಕೆ ಕುಸಿಯುತ್ತದೆ. ನಾನು ಉತ್ಸಾಹದಿಂದ ಉಜ್ಜುಗೊರಡು ಓಡಿಸಿದೆ. ಹಳೆಯ ಮೊಳೆಯ ತೂತೊಂದು ಒಳಗೆ ಅಡಗಿತ್ತು; ಮೊದಲ ಹಲಗೆ ಅಲ್ಲಿಂದ ಕೊನೆಯವರೆಗೆ ಸೀಳಿತು. ತಂದೆಯವರು ನೀರಿನಿಂದ ಉಳಿಸಿಕೊಟ್ಟಿದ್ದನ್ನು ಅರ್ಧ ಗಂಟೆಯಲ್ಲಿ ಹಾಳುಮಾಡಿದ್ದೆ. ಆ ರಾತ್ರಿ ಊಟ ಸೇರಲಿಲ್ಲ.

ಬೆನ್ನಿಗೂ ಪಕ್ಕಕ್ಕೂ ಕಾಫಿ ತೋಟದವರು ‘ಸಿಲ್ವರ್’ ಎಂದಷ್ಟೇ ಕರೆಯುವ, ಕಾಳುಮೆಣಸಿನ ಬಳ್ಳಿ ಹಬ್ಬಿಸುವ ಮರವನ್ನು ಆರಿಸಿದೆ. ಅದೂ ಆಸ್ಟ್ರೇಲಿಯಾದಿಂದ ಬಂದ ವಲಸೆಗಾರನೇ. ತೆಳುಪಟ್ಟಿಯನ್ನು ಬಿಸಿನೀರಿನಲ್ಲಿ ನೆನೆಸಿ, ಕಾದ ಕಬ್ಬಿಣದ ಕೊಳವೆಗೆ ಒತ್ತಿ ಬಗ್ಗಿಸಬೇಕು. ಮೂರು ಪಟ್ಟಿ ಮುರಿದು ನಾಲ್ಕನೆಯದು ಬಗ್ಗಿತು. ಅಷ್ಟರಲ್ಲಿ ಆಷಾಢ ಬಂತು. ನಮ್ಮ ಕಡೆಯ ಮಳೆಯಲ್ಲಿ ಉಪ್ಪು ನೀರಾಗುತ್ತದೆ, ಬಾಗಿಲು ಉಬ್ಬುತ್ತದೆ. ನನ್ನ ಅಂಟು ಹಿಡಿಯಲೊಲ್ಲದು. “ಮಳೆ ಕಳೀಲಿ, ಮರಕ್ಕೇನೂ ಅವಸರ ಇಲ್ಲ” ಎಂದರು ಆಚಾರ್ರು. ದೀಪಾವಳಿಯವರೆಗೆ ಕಾದೆ.

ಮೆಟ್ಟುಗಳದು ಲೆಕ್ಕದ ಮಾತು. ಮೇರುವಿನಿಂದ ಕುದುರೆಯವರೆಗೆ ತಂತಿಯ ಉದ್ದ 345 ಮಿಲಿಮೀಟರು. ಅದನ್ನು 17.8ರಿಂದ ಭಾಗಿಸಿದರೆ 19.4, ಮೊದಲ ಮೆಟ್ಟು ಅಲ್ಲಿ. ಉಳಿದ ಉದ್ದವನ್ನು ಮತ್ತೆ ಹಾಗೆಯೇ ಭಾಗಿಸುತ್ತ ಹೋದರೆ ಹನ್ನೆರಡನೆಯ ಮೆಟ್ಟು ತಂತಿಯ ನಟ್ಟನಡುವೆ ನಿಲ್ಲುತ್ತದೆ. ವೀಣೆಯ ಮೆಟ್ಟುಗಳು ಮೇಣದಲ್ಲಿ ಕೂತಿರುವುದರಿಂದ ತಪ್ಪಿದ್ದನ್ನು ಸರಿಸಿ ಕೂಡಿಸಬಹುದು. ಇಲ್ಲಿ ಗರಗಸ ಕೊಯ್ದ ಗೀರಿನಲ್ಲೇ ಮೆಟ್ಟು, ತಪ್ಪಿದರೆ ತಪ್ಪಿದ್ದೇ. ನಾನು ಮೂರನೆಯದರಲ್ಲಿ ಕೂದಲೆಳೆಯಷ್ಟು ತಪ್ಪಿದೆ.

ಇನ್ನು ಉಳಿದಿದ್ದ ಒಂದೇ ಮುಖದ ಹಲಗೆ. ಈ ಸಲ ಆಚಾರ್ರು ಅಳತೆಯ ಮಾತನ್ನೇ ಆಡಲಿಲ್ಲ. “ನಾಲ್ಕು ಸಲ ಉಜ್ಜಿ, ಒಂದು ಸಲ ತಟ್ಟಿ ಕೇಳಿ” ಎಂದರು. ಹಲಗೆಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು, ಗೆಣ್ಣಿನಿಂದ ತಟ್ಟಿ, ಕಿವಿಯ ಬಳಿಗೆ ತಂದೆ. ಮೊದಲು ಮಂಕಾದ ಸದ್ದು. ಮತ್ತೆ ಉಜ್ಜಿದೆ, ತಟ್ಟಿದೆ. ಮೂರನೆಯ ದಿನ ಸಂಜೆ ಹಲಗೆ ಗಂಟೆಯಂತೆ ಓಗೊಟ್ಟಿತು. ಆಗಲೇ ನನ್ನ ಕೈಯತ್ತ ನೋಡಿಕೊಂಡೆ. ಅದೇ ಹಿಡಿತ, ಅದೇ ತಟ್ಟು, ಓರೆಮಾಡಿದ ಅದೇ ಕತ್ತು. ಗಾಡಿಯ ಪಕ್ಕದಲ್ಲಿ ನಿಂತು ತಂದೆ ಮಾಡುತ್ತಿದ್ದುದು ಇದನ್ನೇ. ಗೆದ್ದಲು ಹಿಡಿದ ಹಲಗೆ ಬೊದ್ದೆನ್ನುತ್ತದೆ, ಗಟ್ಟಿ ಮರ ನುಡಿಯುತ್ತದೆ. ಮುಳುಗುವ ಮನೆಯಲ್ಲಿ ಇನ್ನೂ ನುಡಿಯುವುದು ಯಾವುದೆಂದು ಅವರು ಕೇಳಿ ಆರಿಸುತ್ತಿದ್ದರು. ಪಕ್ಕದಲ್ಲಿ ನಿಂತು ನಾನು ನಕ್ಕಿದ್ದೆ. ಕ್ಷಮೆ ಕೇಳಲು ಅವರಿಲ್ಲ. ಹಲಗೆಯನ್ನು ಇನ್ನೊಮ್ಮೆ ತಟ್ಟಿ ಸುಮ್ಮನೆ ಕುಳಿತೆ.

ಬೇಸಿಗೆ ರಜೆಗೆ ಮೊಮ್ಮಗಳು ಬಂದಳು. ನಾಲ್ಕು ತಂತಿಗಳನ್ನು ಶ್ರುತಿ ಮಾಡಿದಳು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಅವು ಪ, ಸ, ಗ, ದ. ರಿಷಭವೊಂದು ಸೇರಿದರೆ ನಮ್ಮ ಮೋಹನವೇ. ಜಗಲಿಯಲ್ಲಿ ಕುಳಿತು ನುಡಿಸಿದವಳು, “ತಾತ, ಮೂರನೇ ಮೆಟ್ಟಿನಲ್ಲಿ ಸ್ವಲ್ಪ ಅಪಸ್ವರ ಬರುತ್ತೆ” ಎಂದಳು. ಬರುತ್ತದಮ್ಮ, ಅದು ನಿನ್ನ ತಾತನ ಸ್ವರ ಎಂದೆ. ಉಳಿದ ಸ್ವರಗಳು ಮುತ್ತಜ್ಜನವೆಂದು ಅವಳಿಗೆ ಹೇಳಬೇಕೆನಿಸಿತು. ಮುಂದೊಂದು ದಿನ ಹೇಳಿದರಾಯಿತೆಂದು ಸುಮ್ಮನಾದೆ.

ಆ ಮಾತನ್ನು ಇಂದು ನಿಮ್ಮ ಮುಂದೆ ಹೇಳಿದ್ದೇನೆ. ಇನ್ನೊಂದು ಕದ ಅಟ್ಟದಲ್ಲಿ ಹಾಗೆಯೇ ಇದೆ. ನಿಮ್ಮ ಅಟ್ಟದಲ್ಲೂ ಅಂಥದೊಂದು ಹಲಗೆ ಇದ್ದೀತು. ಬಿಡುವಾದಾಗ ಒಮ್ಮೆ ತಟ್ಟಿ ನೋಡಿ.



(ಬಾನುಲಿ ಭಾಷಣ)